ಅಪ್ಪನ ಅಡ್ಡಿಯಿಲ್ಲ

ರಿಕ್ಕರ್ಟನ್, ಕ್ರೈಸ್ಟ್‌ಚರ್ಚ್
೧೮ ಸೆಪ್ಟೆಂಬರ್ ೨೦೧೭

ಪ್ರೀತಿಯ ಅವ್ವಾ,

ನಿನ್ನ ಪಾದಕ್ಕೆ ಇಲ್ಲಿಂದಲೇ ಹಣೆ ಹಚ್ಚಿ ಶುರು ಮಾಡುತ್ತಿದ್ದೇನೆ. ದಿನಾ ಫೋನು ಮಾಡುವವಳು ಪತ್ರ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು ಅಳುತ್ತೀ, ನಿನ್ನ ಅಳು ಕೇಳಿ ನಾನು ಮಾತು ತಿರುಗಿಸುತ್ತೇನೆ. ಹಾಳೆಯ ಮೇಲೆ ಮಾತು ತಿರುಗಿಸುವುದು ಕಷ್ಟ. ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದ ಟೀಚರು ನೀನು, ಕಾಗುಣಿತ ತಪ್ಪಿದ್ದರೆ ಈ ಒಂದು ಸಲ ಕೆಂಪು ಪೆನ್ನು ಎತ್ತಿಕೊಳ್ಳಬೇಡ.

ಮೊದಲು ಒಂದು ಕೆಲಸ ಆಗಬೇಕು. ವಾಸುದೇವ ಕಾಕಾ ಇಲ್ಲಿನ ಡಾಕ್ಟರ ಮೇಲೆ ದೂರು ಬರೆಯುತ್ತಿದ್ದಾರಂತಲ್ಲ, ಅದನ್ನು ನಿಲ್ಲಿಸು. ಎದೆನೋವೆಂದು ಹೋದ ಅಪ್ಪನನ್ನು ಮನೆಗೆ ಕಳಿಸಿದರು, ಮರುದಿನ ಅಪ್ಪ ತೀರಿಕೊಂಡರು, ಅಷ್ಟು ನಿಜ. ಆದರೆ ತಪ್ಪು ಆ ಡಾಕ್ಟರದ್ದಲ್ಲ. ಹದಿನಾರು ದಿನದಿಂದ ಇದು ನನ್ನ ಗಂಟಲಲ್ಲಿ ಕೂತಿದೆ.

ಅಪ್ಪ ಇಲ್ಲಿ ಹೇಗಿದ್ದರೆಂದು ನೀನು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಮಾರ್ಚಿನಲ್ಲಿ ನಿನ್ನನ್ನು ಬಿಟ್ಟು ಒಬ್ಬರೇ ಬಂದವರು ಒಂದು ವಾರ ಕಿಟಕಿ ಕಾಯ್ದರು. ಆಮೇಲೆ ಹತ್ತಿರದ ಹುಡುಗಿಯರ ಶಾಲೆಯ ಹಾಕಿ ಮೈದಾನ ಕಣ್ಣಿಗೆ ಬಿತ್ತು. ನಾಲ್ಕು ದಿನ ಬೇಲಿಯ ಹೊರಗೆ ನಿಂತು ನೋಡಿದರು. ಐದನೆಯ ದಿನ ತಡೆಯಲಾರದೆ ಒಳಗೆ ಹೋಗಿ, ಸ್ಟಿಕ್ಕು ಹಿಡಿಯುವುದು ಹಾಗಲ್ಲ ಹೀಗೆ ಎಂದು ಒಬ್ಬಳಿಗೆ ತೋರಿಸಿದರು. ಪೊಲೀಸ್ ತಪಾಸಣೆಯ ಕಾಗದ ಬಂದ ಮೇಲೆ ಶಾಲೆಯವರೇ ಕರೆದು ಕೈಗೆ ಸೀಟಿ ಕೊಟ್ಟರು. ಮೃತ್ಯುಂಜಯ ಎನ್ನಲು ನಾಲಿಗೆ ಹೊರಳದೆ ಹುಡುಗಿಯರು ‘ಮಿಸ್ಟರ್ ಎಂ’ ಎಂದು ಕರೆದರು. ಅಪ್ಪನ ಇಂಗ್ಲಿಷು ನಿನಗೆ ಗೊತ್ತಲ್ಲ, ಪಾಸ್, ಬ್ಯಾಕ್, ಸ್ಲೋ. ಉಳಿದದ್ದೆಲ್ಲ ಗದಗಿನ ಕನ್ನಡ.

ನಿನಗೆ ಸಿಟ್ಟು ಬರುತ್ತಿದೆ, ಗೊತ್ತು. “ನಿಮ್ಮಪ್ಪನ ಲಗ್ನ ಆಗಿದ್ದು ನನ್ನ ಜೋಡಿ ಅಲ್ಲ, ಹಾಕಿ ಜೋಡಿ” ಎನ್ನುತ್ತಿದ್ದೆ ನೀನು. ಎಂಬತ್ತಾರರಲ್ಲಿ, ತಾವು ಆಟ ಕಲಿಸುತ್ತಿದ್ದ ಕಾಲೇಜಿನಲ್ಲಿ ಹುಡುಗಿಯರ ಮೊದಲ ಟೀಮು ಕಟ್ಟುವಾಗ ಅಪ್ಪ ಮನೆಮನೆಗೆ ಹೋಗಿ ತಂದೆಯರ ಮುಂದೆ ಕೈಮುಗಿದರು. ಆಡಲಿ, ಆದರೆ ಮೊಣಕಾಲು ಕಾಣಬಾರದು ಎಂದು ಅವರು ಷರತ್ತು ಹಾಕಿದರು. ನನ್ನನ್ನು ಮಡಿಲಲ್ಲಿ ಮಲಗಿಸಿಕೊಂಡು ಹದಿನಾಲ್ಕು ಉದ್ದ ಚಡ್ಡಿ ಹೊಲಿದವಳು ನೀನು. ಅಪ್ಪ ಒಂದನ್ನು ತಿರುಗಿಸಿ ಮುರುಗಿಸಿ ನೋಡಿ “ಅಡ್ಡಿಯಿಲ್ಲ” ಅಂದರಂತೆ. ಅಷ್ಟೇ. ಆ ಒಂದು ಮಾತಿಗೆ ನೀನು ಮೂವತ್ತು ವರ್ಷ ಮುನಿಸಿಕೊಂಡೆ.

ನಮ್ಮ ಕಡೆ ಅಡ್ಡಿಯಿಲ್ಲ ಅಂದರೆ ಚೆನ್ನಾಗಿದೆ ಅಂತಲೂ ಹೌದು, ಹೇಗೋ ನಡೆಯುತ್ತದೆ ಅಂತಲೂ ಹೌದು, ಬಿಡು ತಡೆದುಕೊಳ್ಳುತ್ತೇನೆ ಅಂತಲೂ ಹೌದು. ಅಪ್ಪನ ಬಾಯಲ್ಲಿ ಎಲ್ಲದಕ್ಕೂ ಅದೊಂದೇ. ಇಲ್ಲಿಯವರೂ ಹಾಗೇ ಅವ್ವಾ, ಎಷ್ಟು ಮೆಚ್ಚಿದರೂ ‘ನಾಟ್ ಬ್ಯಾಡ್’ ಎನ್ನುವುದರಲ್ಲಿ ಮುಗಿಸುತ್ತಾರೆ. ಅದಕ್ಕೇ ಆ ಹುಡುಗಿಯರು ಅಪ್ಪನನ್ನು ವಾರದೊಳಗೆ ಅರ್ಥ ಮಾಡಿಕೊಂಡರು. ಗೋಲು ಹೊಡೆದವಳು ಓಡಿ ಬಂದು “ಅಡ್ಡಿಲ್ಲಾ, ಮಿಸ್ಟರ್ ಎಂ?” ಎಂದು ಕೇಳುತ್ತಿದ್ದಳಂತೆ. ಮನೆಯವರಾದ ನಮಗೆ ಯಾಕೆ ಅರ್ಥವಾಗಲಿಲ್ಲ? ನೀನು ನನಗೆಂದು ಅಪ್ಪನ ಕೈಯಲ್ಲಿ ಕಳಿಸಿದ ಶೇಂಗಾ ಹಿಂಡಿಯನ್ನು ದಿನಾ ಎರಡು ಸಲ ರೊಟ್ಟಿಯ ಜೊತೆ ಹಾಕಿಸಿಕೊಂಡು ಅವರು ಅದೇ ಮಾತು ಹೇಳುತ್ತಿದ್ದರು. ನಿನಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ.

ನಮ್ಮಿಬ್ಬರನ್ನೂ ಅವರು ಒಂದು ಮ್ಯಾಚಿಗೂ ಕರೆದವರಲ್ಲ. “ಮನಿ ಮಂದಿ ಬಂದ್ರ ಕಣ್ಣು ಆ ಕಡೆ ಹೊಳ್ಳತಾವ” ಅನ್ನುತ್ತಿದ್ದರು. ಕಾಲೇಜಿನ ಗೋಡೆಯಾಚೆ ನಿಂತು ಅಪ್ಪನ ಸೀಟಿ ಕೇಳಿ ಬೆಳೆದವಳು ನಾನು. ಅದಿರಲಿ.

ಶುಕ್ರವಾರ ಸಂಜೆ ಅಭ್ಯಾಸ ಮುಗಿಸಿ ಬಂದವರು ಊಟ ಬೇಡವೆಂದರು. ಆ ಚಳಿಯಲ್ಲೂ ಮುಖ ಬೆವೆತಿತ್ತು, ಕೈ ಎದೆಯ ಮೇಲಿತ್ತು. ಮರುದಿನ ಫೈನಲ್. ಕಾರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋದೆ. ಇಸಿಜಿ ಸರಿಯಾಗಿಯೇ ಬಂತು. ಫೋನಿನಲ್ಲಿ ದುಭಾಷಿಯನ್ನು ಕರೆಸಲೇ ಎಂದು ಡಾಕ್ಟರು ಕೇಳಿದರು. ಮಗಳೂ ನಾನೇ, ನರ್ಸೂ ನಾನೇ, ಬೇಡ ಎಂದೆ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದರು. ಇನ್ನೂ ನೋವಿದ್ದರೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು, ಇಲ್ಲದಿದ್ದರೆ ಮನೆಗೆ ಹೋಗಬಹುದು. ಅಪ್ಪ ಯಾರಿಗೆ ತಾನೇ ಅಂಕ ಕೊಟ್ಟವರು? ಡಾಕ್ಟರ ಮುಖ ನೋಡಿ “ಅಡ್ಡಿಯಿಲ್ರಿ” ಅಂದರು. ನಾನು ಯೋಚಿಸದೆ ‘ನಾಟ್ ಬ್ಯಾಡ್’ ಅಂದೆ. ಡಾಕ್ಟರು ಹತ್ತಕ್ಕೆ ಒಂದು ಎಂದು ಬರೆದುಕೊಂಡರು. ಅವರು ನಂಬಿದ್ದು ನನ್ನನ್ನು.

ಶನಿವಾರ ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಅಪ್ಪ ಬೆಂಚಿನ ಮೇಲೆ ಕೂತರು. ಆಟ ನಡೆಯುವಾಗ ಅವರು ಕೂತದ್ದನ್ನು ಆ ಹುಡುಗಿಯರು ನೋಡಿಯೇ ಇರಲಿಲ್ಲ. ಗೋಲ್‌ಕೀಪರು ಗೋಲು ಬಿಟ್ಟು ಅಷ್ಟು ದೂರದಿಂದ ಓಡಿ ಬಂದಳು. ನಾನು ಅಲ್ಲೇ ಇದ್ದೆ. ಎದೆ ಒತ್ತಿದೆ, ಆಂಬುಲೆನ್ಸ್ ಬರುವವರೆಗೂ ಒತ್ತಿದೆ. ಕೆಲಸದಲ್ಲಿ ಎಷ್ಟೋ ಜನರಿಗೆ ಒತ್ತಿದ ಕೈಗಳು ಇವು. ಅಪ್ಪನ ಎದೆ ಅಷ್ಟು ಸಣ್ಣದಿದೆ ಎಂದು ನನಗೆ ಗೊತ್ತಿರಲಿಲ್ಲ.

ನಾನೂ ಅವರ ಜೊತೆ ಹೋಗಿದ್ದರೆ ಉಳಿಯುತ್ತಿದ್ದರೇನೋ ಎಂದು ನಿನ್ನನ್ನು ನೀನು ಹಳಿದುಕೊಳ್ಳಬೇಡ. ನೀನು ಬಾರದೆ ಅವರು ಸಾಯಲಿಲ್ಲ. ಒಂದು ಮಾತನ್ನು ನಾನು ತಪ್ಪಾಗಿ ದಾಟಿಸಿದೆ, ಅದಕ್ಕೆ ಸತ್ತರು. ಬೈಯುವುದಿದ್ದರೆ ನನ್ನನ್ನು ಬೈ, ಆದರೆ ಫೋನು ಎತ್ತುವುದನ್ನು ಬಿಡಬೇಡ. ನನಗೀಗ ನೀನೊಬ್ಬಳೇ.

ನಿನ್ನ ಮಗಳು,
ತಾರಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಓದಿ ನೋಡಿದೆ. ಯೋಚಿಸದೆ ಅಂದೆ ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಡಾಕ್ಟರಿಗೆ ಹಾಗೆ ಹೇಳಿದ ಅಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ, “ಎದಿ ಹಿಡದಂಗ ಆಗೇದ ತಾರಾ, ಹೇಳಲೇನು?” ಎಂದು ಕೇಳಿದರು. ಜೀವಮಾನದಲ್ಲಿ ಯಾರ ಅಪ್ಪಣೆಯನ್ನೂ ಕೇಳದವರು ನನ್ನನ್ನು ಕೇಳಿದರು. ಇಸಿಜಿ ಸರಿ ಇದೆ, ಸ್ನಾಯು ಹಿಡಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. “ನಾಳೆ ಮ್ಯಾಚ್ ಒಂದು ಮುಗೀಲಿ ಅಪ್ಪಾ” ಅಂದೆ. ಯಾಕೆಂದರೆ ಆ ದಿನ ಬೆಳಿಗ್ಗೆ ಚಹಾ ಕುಡಿಯುತ್ತ, ಮೂವತ್ತೆರಡು ವರ್ಷದಲ್ಲಿ ಮೊದಲ ಸಲ, “ನಾಳೆ ನೀನೂ ಬಾ” ಅಂದಿದ್ದರು. ಕಾಕಾನಿಗೆ ಎಷ್ಟು ಹೇಳಬೇಕೋ ನೀನೇ ನೋಡು. ಮೊದಲರ್ಧ ಪೂರ್ತಿ ಗೆರೆಯ ಪಕ್ಕದಲ್ಲಿ ಅವರ ಜೊತೆ ನಿಂತಿದ್ದೆ. ನನಗೆ ತುಂಬಾ ಸಂತೋಷವಾಗಿತ್ತು, ಅವ್ವಾ.