ಅವ್ವನ ಹಲಗೆ

ಅಕ್ಟೋಬರ್ ೧೪, ಮಂಗಳವಾರ. ಮಾಸೆಟ್.

ಹಲಗೆ ಸೀಳಿಹೋಯಿತು. ಅವ್ವ ಸಾಯುವ ಮೊದಲೇ ತನ್ನ ಬೂದಿಯ ಪೆಟ್ಟಿಗೆಗೆಂದು ತಾನೇ ಆರಿಸಿ, ಶೆಡ್ಡಿನಲ್ಲಿ ಜೋಪಾನವಾಗಿಟ್ಟಿದ್ದ ದೇವದಾರು ಹಲಗೆ.

ಒಂದೇ ಹಲಗೆಯನ್ನು ಹಬೆಯಲ್ಲಿಟ್ಟು ನಾಲ್ಕು ಗೋಡೆಯಾಗಿ ಬಾಗಿಸುವುದನ್ನು ಊರಿನ ನಮ್ಮ ಹೈಡಾ ಬುಡಕಟ್ಟಿನ ಮಕ್ಕಳಿಗೆಲ್ಲ ಕಲಿಸಿದವಳು ನಾನು. ಆದರೆ ನಮ್ಮ ಜನರಲ್ಲಿ ಎರಡು ಬಳಿ, ಕಾಗೆ ಮತ್ತು ಹದ್ದು; ಅವ್ವ, ನಾನು ಕಾಗೆಯ ಕಡೆಯವರು. ನಮ್ಮ ಮನೆಯ ಸಾವಿನ ಕೆಲಸವನ್ನು ಹದ್ದಿನ ಕಡೆಯವರೇ ಮಾಡಬೇಕು. ಹಾಗಾಗಿ ಹದ್ದಿನ ಕಡೆಯ ಮೈದುನ ಆಂಗಸ್ ಮಾಡಿದ, ನಾನು ಕೈಕಟ್ಟಿ ಕೂತೆ.

ಹಬೆ ಸಾಲದೆಂದು ವಾಸನೆಯಲ್ಲೇ ಗೊತ್ತಾಯಿತು. ಎದ್ದೆ. ನಮ್ಮ ಕಡೆಯ ಹಿರಿಯಜ್ಜಿ, ನಾನಿ ವಿನಿಫ್ರೆಡ್, ತೋಳು ಹಿಡಿದು ಜಗ್ಗಿದರು.

"ಕೂತ್ಕೊಳ್ಳೇ. ಅಳೋದು ನಿನ್ನ ಕೆಲ್ಸ, ಪೆಟ್ಟಿಗೆ ಅವನದು."

"ಅವನಿಗೆ ಬರಲ್ಲ ನಾನಿ!"

"ಬರ್ದೇ ಇದ್ರೂ ಅವನದೇ. ಬಾಯ್ಮುಚ್ಕೊಂಡಿರು."

ಮೂರನೆಯ ಮೂಲೆಯಲ್ಲಿ ಟಪ್ಪೆಂದಿತು. ಆಂಗಸ್ ನಗುತ್ತಾನೆ!

"ಬಿಡಿ ಅತ್ತಿಗೆ, ಮೇಲೆ ಕಾಗೆ ಕೆತ್ತಿ ಬಣ್ಣ ಹಚ್ಚಿದ್ರೆ ಯಾರಿಗೆ ಕಾಣುತ್ತೆ?"

ಕಾಗೆಯ ರೆಕ್ಕೆ ಸುತ್ತಿಕೊಂಡು ಹೋಗಬೇಕಾದದ್ದೇ ಆ ಮೂಲೆಯನ್ನು. ಬಿರುಕಿಗೆ ಬಣ್ಣ ಹಚ್ಚುತ್ತಾನಂತೆ. ಅವನ ಮೂತಿಗೆ ಹಚ್ಚಬೇಕು.

ಕೆಲಸ ಮಾಡಿದವರಿಗೆ ಬಡಿಸುವುದು ನಮ್ಮ ಪಾಲು. ಹೊಗೆ ಹಾಕಿದ ಮೀನು ಬಡಿಸಿದೆ. ಇನ್ನೊಂದು ತುಂಡು ಕೇಳಿದ. ಹಲ್ಲು ಕಚ್ಚಿಕೊಂಡು ಅದನ್ನೂ ಬಡಿಸಿದೆ. ಚೆನ್ನಾಗಿದೆ ಅಂದ. ನಾನೂ ಅವನ ಪೆಟ್ಟಿಗೆಯನ್ನು ಎಲ್ಲರೆದುರು ನಿಂತು ಚೆನ್ನಾಗಿದೆ ಅನ್ನಬೇಕು, ಶನಿವಾರದ ಔತಣದಲ್ಲಿ. ಮರ್ಯಾದೆಗೆಂದು ಅವನಿಗೆ ಕಂಬಳಿ ಬೇರೆ ಹೊದಿಸಬೇಕು.

ಎಲ್ಲರೂ ಹೋದ ಮೇಲೆ ಬಿರುಕಿಗೆ ಬೆರಳಿಟ್ಟು ನೋಡಿದೆ. ಉಗುರು ಪೂರ್ತಿ ಒಳಗೆ ಹೋಯಿತು. ಮುಟ್ಟಬಾರದೆಂದು ಗೊತ್ತಿದ್ದೇ ಮುಟ್ಟಿದೆ. ನಾನಿ ಕೇಳಿದರೆ ಒಪ್ಪಿಕೊಳ್ಳುತ್ತೇನೆ. ಆದರೆ ಮುಟ್ಟಿದ್ದಕ್ಕೆ ಆಂಗಸ್ ಏನಾದರೂ ಬಾಯಿ ಬಿಟ್ಟರೆ, ಅದೇ ಬೆರಳಿಂದ ಬಿರುಕನ್ನು ಎಲ್ಲರಿಗೂ ತೋರಿಸುತ್ತೇನೆ.