ಉರಿಗೆ ಇಡುವ ಅಚ್ಚಲ್ಲ

ತಿ. ನರಸೀಪುರ
೧೪ ಜುಲೈ ೨೦೨೪, ಭಾನುವಾರ

ನಂಜುಂಡೇಶ್ ಅವರಿಗೆ ರುದ್ರಾಣಿಯ ಶರಣು.

ನಿಮ್ಮ ಹೆಸರು ಹಿಡಿದು ಬರೆಯುತ್ತಿರುವುದು ಇದೇ ಮೊದಲು. ಮದುವೆಯಾದಾಗಿನಿಂದ ‘ರೀ’ ಅಂದೇ ಕಾಲ ಕಳೆದೆ. ಇಲ್ಲಿಂದ ಕೂಗಿದರೆ ಅದು ನಂಜನಗೂಡಿಗೆ ಕೇಳಿಸುವುದಿಲ್ಲ.

ನಿನ್ನೆ ನಿಮ್ಮ ತಮ್ಮ ಅಮೃತೇಶ್ ನನ್ನ ತಂಗಿ ಇಂದ್ರಾಣಿಯ ಮನೆಗೆ ಬಂದಿದ್ದರು. ಕಾಫಿ ಕೊಟ್ಟೆ, ಬಾಳೆಹಣ್ಣಿನ ಕೇಕೂ ಕೊಟ್ಟೆ. ತಿಂದು ಬಾಯಿ ಒರೆಸಿಕೊಂಡ ಮೇಲೆ ನೀವು ಹೇಳಿಕಳಿಸಿದ್ದನ್ನು ಹೇಳಿದರು. ಅತ್ತಿಗೆ ಮನೆಗೆ ಬರಬಹುದು, ಆ ರಬ್ಬರು ಸಾಮಾನು ಮಾತ್ರ ಬರಕೂಡದು ಅಂತ. ಉತ್ತರವನ್ನು ಅವರ ಬಾಯಲ್ಲಿ ಕಳಿಸಿದರೆ ದಾರಿಯಲ್ಲೇ ಮೆತ್ತಗಾಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಬರುವುದಿಲ್ಲ.

ಅದು ರಬ್ಬರಲ್ಲ, ಸಿಲಿಕೋನ್. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವರ ಹೆಂಡತಿ ಹೊರಗಿನಿಂದ ಕೇಕಿನ ಅಚ್ಚು ತರಿಸಿದಳಲ್ಲ ಎಂದು ನಿಮಗೆ ಇರುಸುಮುರುಸಾಗಿದ್ದು ನನಗೆ ತಿಳಿಯದೆ ಇರಲಿಲ್ಲ. ಆದರೆ ನಾನು ಶುರು ಮಾಡಿದ್ದೇ ನಿಮ್ಮ ಅಂಗಡಿಯ ತಗಡಿನ ಅಚ್ಚುಗಳಲ್ಲಿ. ಎಷ್ಟು ತುಪ್ಪ ಸವರಿದರೂ ಸಣ್ಣ ಕೇಕುಗಳು ತಳ ಹಿಡಿಯುತ್ತಿದ್ದವು. ಚಾಕು ಹಾಕಿ ಎಬ್ಬಿಸಿದರೆ ಅರ್ಧ ಕೈಗೆ, ಅರ್ಧ ಅಚ್ಚಿಗೆ. ಮುರಿದ ಕೇಕನ್ನು ನೀವೇ ಟೀ ಜೊತೆ ತಿಂದಿದ್ದೀರಿ. ಸಿಲಿಕೋನ್ ಅಚ್ಚಾದರೆ ಅಂಚು ಮಗುಚಿದರೆ ಸಾಕು, ರಸಬಾಳೆ ಸಿಪ್ಪೆ ಸುಲಿದ ಹಾಗೆ ಬಿಟ್ಟುಕೊಡುತ್ತದೆ.

ನಾನು ಮನೆ ಬಿಟ್ಟ ಆ ದಿನ ನಿಮ್ಮ ಬುತ್ತಿ ಹಿಡಿದು ಅಂಗಡಿಗೆ ಬಂದಾಗ, ಮಾರಾಟಕ್ಕಿಟ್ಟ ಗ್ಯಾಸ್ ಒಲೆ ಹಚ್ಚಿ, ಅಡುಗೆಮನೆಯಿಂದ ಕದ್ದು ತಂದ ನನ್ನ ಅಚ್ಚನ್ನು ಉರಿಯ ಮೇಲೆ ಹಿಡಿದಿದ್ದಿರಿ. ಗಿರಾಕಿಗಳು ಸುತ್ತ ನಿಂತಿದ್ದರು. “ನೋಡ್ರವ್ವಾ, ನಮ್ಮನೆಯವ್ಳು ಇದ್ರಲ್ಲಿ ಕೇಕ್ ಮಾಡ್ತಾಳೆ. ಎಂಗ್ ಒಗೆ ಬತ್ತದೆ ನೋಡಿ” ಅಂದಿರಿ. ಅಚ್ಚು ಹೊತ್ತಿಕೊಂಡಿತು. ಎಲ್ಲರೂ ನಕ್ಕರು.

“ಅದು ಉರಿಗೆ ಇಡೋದಲ್ಲ ಕಣ್ರೀ, ಓವನ್ ಒಳಗೆ ಇಡೋದು” ಅಂದೆ.

“ಅಂಗಡಿ ಇಚಾರ ನಂಗ್ ಬುಡು. ನಿನ್ನಾಟ ಮನೇಲಿಟ್ಕೊ” ಅಂದಿರಿ.

ಅಚ್ಚು ಸುಟ್ಟಿದ್ದಕ್ಕೆ ನಾನು ಮನೆ ಬಿಡಲಿಲ್ಲ. ಆಟ ಅಂದಿರಲ್ಲ, ಅದಕ್ಕೆ ಅವತ್ತೇ ಸಂಜೆ ನರಸೀಪುರದ ಬಸ್ಸು ಹತ್ತಿದೆ.

ಇಲ್ಲಿ ಎಲ್ಲವೂ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಬಂದ ಹೊಸದರಲ್ಲಿ ಫೋನಿನಲ್ಲಿ ನೋಡಿ ಅಗ್ಗದ ಅಚ್ಚು ತರಿಸಿದೆ. ಪಕ್ಕದ ಹೆಮ್ಮಿಗೆ ಊರಿನವರೊಬ್ಬರು ಮೊಮ್ಮಗಳ ಹುಟ್ಟುಹಬ್ಬಕ್ಕೆ ಒಯ್ದ ಕೇಕುಗಳನ್ನು ಅಷ್ಟನ್ನೂ ವಾಪಸ್ ತಂದರು. ಮೂಸಿದರೆ ಹೊಸ ಚಪ್ಪಲಿಯ ವಾಸನೆ. ಅಚ್ಚನ್ನು ತಿರುಚಿ ನೋಡಿದೆ, ಬಿಳಿ ಗೆರೆ ಎದ್ದಿತು. ಕಲಬೆರಕೆ ಮಾಲಿನ ಗುರುತಂತೆ. ಅವರ ಮುಂದೆಯೇ ಅದನ್ನು ಕತ್ತರಿಸಿ ಕಸಕ್ಕೆ ಹಾಕಿ, ಸಂಜೆಯೊಳಗೆ ಬೇರೆ ಕೇಕು ಮಾಡಿಕೊಟ್ಟೆ. ಇದನ್ನು ಓದಿ ನಿಮಗೆ ಸಂತೋಷವಾಗುತ್ತದೆ. ಆಗಲಿ.

ಇನ್ನೂ ಹೇಳುತ್ತೇನೆ ಕೇಳಿ. ಸಿಲಿಕೋನಿನಲ್ಲಿ ಕೇಕಿನ ಬದಿ ಕೆಂಪಗಾಗುವುದಿಲ್ಲ, ಬಿಳಿಚಿಕೊಂಡೇ ಇರುತ್ತದೆ. ಹಿಟ್ಟು ತುಂಬಿದರೆ ತೊನೆಯುತ್ತದೆ, ಅಡಿಯಲ್ಲಿ ತಟ್ಟೆ ಬೇಕು. ಬೆಳ್ಳುಳ್ಳಿ ಸೋಕಿದರೆ ತಿಂಗಳಾದರೂ ಬಿಡುವುದಿಲ್ಲ. ದೊಡ್ಡ ಕೇಕಿಗೆ ನಿಮ್ಮ ಅಂಗಡಿಯ ಅಲ್ಯೂಮಿನಿಯಂ ಡಬ್ಬಿಯೇ ಸೈ. ಬಾಣಲೆ ಬಳಿಯಲು ಮಾತ್ರ ಸಿಲಿಕೋನಿನ ಮೆತ್ತನೆ ಸೌಟಿನ ಮುಂದೆ ಯಾವುದೂ ಇಲ್ಲ. ಇಂದ್ರಾಣಿಯ ಜಗಲಿಯಲ್ಲಿ ಕೇಕು ಮಾಡುವುದನ್ನು ಕಲಿಯಲು ಬರುವ ಹೆಂಗಸರಿಗೂ ಇದನ್ನೆಲ್ಲ ಬಿಡಿಸಿ ಹೇಳುತ್ತೇನೆ. ಮೊನ್ನೆ ಸಾಕಮ್ಮ ಎನ್ನುವವರು ಆ ಸೌಟಿನಲ್ಲಿ ಮುದ್ದೆ ತೊಳಸಬಹುದಾ ಅಂತ ಕೇಳಿದರು. ಅದು ಬಾಗಿ ನಮಸ್ಕಾರ ಮಾಡುತ್ತದೆ, ಮುದ್ದೆಗೆ ಮರದ ಕೋಲೇ ಬೇಕು ಅಂದೆ. ಜಗಲಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಿಮ್ಮ ಅಂಗಡಿಯ ನಗುವಿನ ಹಾಗಿರಲಿಲ್ಲ ಅದು.

ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಬಾಯಲ್ಲಿ ಹೇಳಿದರೂ ಅವರು ನಂಬುತ್ತಾರೆ. ನೀವೂ ಗಿರಾಕಿಗಳಿಗೆ ಹಾಗೆ ಹೇಳಬಹುದಿತ್ತು.

ನನ್ನದು ಒಂದೇ ಮಾತು. ಅವತ್ತು ನಿಂತಿದ್ದ ಕಡೆಯೇ, ಗಿರಾಕಿಗಳಿರುವ ಹೊತ್ತಿನಲ್ಲಿ, ‘ನಾನು ಅಚ್ಚನ್ನು ತಪ್ಪಾಗಿ ಉರಿಗೆ ಹಿಡಿದೆ’ ಎಂದು ನಿಮ್ಮ ಬಾಯಿಂದ ಬರಬೇಕು. ಅಮೃತೇಶರ ಬಾಯಿಂದ ಬೇಡ. ಅಲ್ಲಿಯವರೆಗೆ ನನ್ನ ಓವನ್ ಇಲ್ಲೇ ಉರಿಯುತ್ತದೆ. ಬಾಗಿಲಿಗೆ ಫಲಕ ಬರೆಸಲು ಕೊಟ್ಟಿದ್ದೇನೆ. ಅದರ ಮೇಲೆ ನನ್ನ ಹೆಸರೊಂದೇ ಇರುತ್ತದೆ.

ಇಂತಿ,
ರುದ್ರಾಣಿ

ಮರೆತಿದ್ದೆ: ಬರುವುದಿಲ್ಲ ಅಂದರೆ ನನ್ನ ಹತ್ತಿರ ಉಳಿದಿರುವ ಮನೆಯ ಬೀಗದ ಕೈಯನ್ನು ಇಸಿದುಕೊಂಡು ಬಾ ಅಂತ ಹೇಳಿದ್ದಿರಂತೆ. ಅಮೃತೇಶ್ ಸಂಕೋಚದಿಂದಲೇ ಕೇಳಿದರು. ಕೊಡಲಿಲ್ಲ. ಕೊಡುವುದೂ ಇಲ್ಲ. ಬೀಗ ಬದಲಾಯಿಸಬೇಡಿ.