ಇಳಿಜಾರಿಲ್ಲದ ದಾರಿ

ಝಮೋರಾ, ಸ್ಪೇನ್
೧೮ ಸೆಪ್ಟೆಂಬರ್ ೨೦೨೫, ಗುರುವಾರ ಸಂಜೆ

ಪವಿತ್ರಾಳ ಅಪ್ಪನಿಗೆ, ಪ್ರೇಮಲತಾ ದೂರದಿಂದ ಮಾಡುವ ನಮಸ್ಕಾರ.

ನೀವು ಹೇಗಿದ್ದೀರಿ? ಎಡ ಮಂಡಿಯ ಊತ ಇಳಿಯಿತೇ? ಬೆಳಿಗ್ಗೆ ಏಳುವಾಗ ಈಗಲೂ ಗೋಡೆ ಹಿಡಿದುಕೊಂಡೇ ಏಳುತ್ತಿದ್ದೀರಾ? ಫೋನಿನಲ್ಲಿ ಕೇಳಿದರೆ "ನಾ ಸರಿ ಇದೀನಿ ಮಾರಾಯ್ತಿ" ಎಂದು ಮಗಳ ಕೈಗೆ ಫೋನ್ ದಾಟಿಸಿಬಿಡುತ್ತೀರಿ. ಅದಕ್ಕೇ ಈ ಕಾಗದ. ಇಪ್ಪತ್ತೆರಡು ವರ್ಷ ಬಾಳೂರಿನ ಅಂಚೆ ಚೀಲ ಸೈಕಲ್ಲಿಗೆ ಕಟ್ಟಿಕೊಂಡು ಎಸ್ಟೇಟಿನ ಕೂಲಿ ಲೈನ್ ಮನೆಗಳಿಗೆಲ್ಲ ಊರವರ ಕಾಗದ ಹಂಚಿದ್ದೇನೆ, ನಿಮಗೆ ಮಾತ್ರ ಒಂದೂ ಬರೆದಿರಲಿಲ್ಲ. ಇದನ್ನು ಅಂಚೆಗೆ ಹಾಕಿದರೆ ಊರಿಗೆ ಬಂದ ಮೇಲೆ ನಾನೇ ತಂದು ಕೊಡಬೇಕಾದೀತು. ಅದಕ್ಕೆ ಬರೆದು, ಫೋಟೋ ತೆಗೆದು ಪವಿತ್ರಾಗೆ ಕಳಿಸುತ್ತೇನೆ. ಅವಳು ಎಸ್ಟೇಟ್ ಆಫೀಸಿನಲ್ಲಿ ಪ್ರಿಂಟ್ ತೆಗೆದು ಕೊಡುತ್ತಾಳೆ. ಕನ್ನಡಕ ಹಾಕಿಕೊಂಡು ನೀವೇ ಓದಿ. ಅವಳು ಓದದೆ ಕೊಡುವವಳಲ್ಲ, ಅದು ಬೇರೆ ಮಾತು.

ನನಗೆ ಸುಸ್ತಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತು ಎಲ್ಲ ಚೆನ್ನಾಗಿದೆ ಎಂದು ಬರೆದುಬಿಟ್ಟೇನು. ಆರು ದಿನದಿಂದ ಸೈಕಲ್ ಮೇಲಿದ್ದೇನೆ. ಕುಳಿತರೆ ನೋವು, ನಿಂತರೆ ನೋವು, ಅಂಗೈಯಲ್ಲಿ ಬೊಬ್ಬೆ, ಮೂಗಿನ ಸಿಪ್ಪೆ ಎದ್ದಿದೆ. ಬುರ್ಗೋಸ್ ಎಂಬ ಊರಿನಿಂದ ಹೊರಟವರು ನಾಳೆ ಸಲಮಾಂಕಾ ಮುಟ್ಟಿದರೆ ಮುಗಿಯಿತು. ಇನ್ನು ಅರವತ್ತೈದು ಕಿಲೋಮೀಟರ್. ನಾವು ಒಟ್ಟು ಒಂಬತ್ತು ಜನ, ನನ್ನ ಬಿಟ್ಟರೆ ಎಲ್ಲರೂ ಪೆನ್ಷನ್ ತೆಗೆದುಕೊಳ್ಳುವವರೇ. ನಮ್ಮ ಮಾರ್ತಾ ದಿನವೂ ನಿಮ್ಮ ಕಥೆ ಹೇಳುತ್ತಾಳೆ. ಮೂರು ವರ್ಷದ ಹಿಂದೆ ಕಳಸದ ರಸ್ತೆಯಲ್ಲಿ ಅವಳ ಗೇರು ಮುರಿದದ್ದು, ನೀವು ಹಳೇ ಜೀಪಿನ ತಗಡು ಕತ್ತರಿಸಿ ನಿಮ್ಮ ರಿಪೇರಿ ಅಂಗಡಿಯಲ್ಲೇ ತುಂಡು ಮಾಡಿ ಕೂರಿಸಿದ್ದು, ಅವಳು ನಾಲ್ಕು ದಿನ ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿ ತಿಂದದ್ದು. ಆ ತಗಡನ್ನು ಇನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಇವರ ಸೈಕಲ್ ಸಂಘ ಟಿಕೆಟ್ ಕಳಿಸಿದ್ದೇ ನಿಮ್ಮ ಹೆಸರಿಗೆ, ಬೆಳ್ಳಿಯಪ್ಪನವರಿಗೆ ಎಂದು, ಜೊತೆಗೆ ನನ್ನ ಹೆಸರು. ಬೆಳ್ಳಿಯಪ್ಪ ಯಾಕೆ ಬರಲಿಲ್ಲ ಎಂದು ಎಲ್ಲರೂ ಕೇಳಿದರು. ನಾನು ಮಂಡಿ ಮುಟ್ಟಿ ತೋರಿಸಿದೆ. ಅಷ್ಟಕ್ಕೇ ಒಬ್ಬರು, ಎಪ್ಪತ್ತೊಂದು ವರ್ಷದವರು, ಊಟದ ಮೇಜಿನ ಪಕ್ಕದಲ್ಲೇ ಪ್ಯಾಂಟು ಮೇಲೆತ್ತಿ ಎರಡೂ ಮಂಡಿಯ ಹೊಲಿಗೆ ಗುರುತು ತೋರಿಸಿದರು. ನೋಡದೆ ವಿಧಿಯಿರಲಿಲ್ಲ. ಎರಡೂ ಬದಲಿಸಿ ನಾಲ್ಕು ವರ್ಷವಾಯಿತಂತೆ, ದಿನಾ ನನಗಿಂತ ಮುಂದೆ ಹೋಗುತ್ತಾರೆ.

ನಮ್ಮ ಶರತ್ತು ನಿಮಗೆ ನೆನಪಿದೆ ತಾನೇ? ಕಳಸದ ಬಸ್‌ಸ್ಟ್ಯಾಂಡಿನಲ್ಲಿ, ಪವಿತ್ರಾ ಮತ್ತು ನನ್ನ ತಮ್ಮ ಗಿರಿಯ ಎದುರಿಗೇ ಹೇಳಿದಿರಿ: "ವ್ಯಾನ್ ಗೀನ್ ಹತ್ತಂಗಿಲ್ಲ ನೋಡು. ಪೂರ್ತಿ ದಾರಿ ನಿನ್ ಕಾಲಲ್ಲೇ ತುಳ್ದು ಬಾ, ನಾ ಆಪ್ರೇಷನ್ ಮಾಡಿಸ್ಕೊತೀನಿ." ಒಂದೂವರೆ ವರ್ಷದಿಂದ ಡಾಕ್ಟರು ಹೇಳುತ್ತಿದ್ದಾರೆ, ಇನ್ನೂ ತಡ ಮಾಡಿದರೆ ಭಾರವೆಲ್ಲ ಬಲಗಾಲಿಗೆ ಬಿದ್ದು ಅದೂ ಹೋಗುತ್ತದೆ ಎಂದು. ನೀವು ಒಮ್ಮೆ ಮಳೆಗಾಲ ಎಂದಿರಿ, ಒಮ್ಮೆ ಅಂಗಡಿ ಎಂದಿರಿ, ಕೊನೆಗೆ ನನ್ನ ಪ್ರಯಾಣವನ್ನೇ ನೆಪ ಮಾಡಿಕೊಂಡಿರಿ. ನಾನು ಮುಗಿಸಲಾರೆ ಎಂಬ ಧೈರ್ಯದಲ್ಲೇ ಆ ಮಾತು ಆಡಿದ್ದು ಎಂದು ನನಗೆ ಅವತ್ತೇ ಗೊತ್ತಿತ್ತು. ಕೋಪವೂ ಬಂದಿತ್ತು. ಬಸ್ಸಿನಲ್ಲಿ ಕೊಟ್ಟಿಗೆಹಾರದವರೆಗೂ ನಿಮ್ಮನ್ನು ಬೈದುಕೊಂಡೇ ಹೋದೆ. ಇಲ್ಲಿ ಆ ವ್ಯಾನು ನಮ್ಮ ಚೀಲಗಳನ್ನು ಹೊತ್ತು ಹಿಂದೆ ಬರುತ್ತದೆ. ಓಡಿಸುವವನು ಹೂಲಿಯಾನ್ ಎಂಬ ಬಾಯಿಬಿಡದ ಮುದುಕ. ಯಾರಿಗೆ ಕೈಲಾಗದಿದ್ದರೂ ಹತ್ತಬಹುದು. ನಾನು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ದಾರಿಯ ಸಂಗತಿ ಹೇಳುತ್ತೇನೆ. ಹೊರಡುವಾಗ ಗಿರಿ "ಸಪಾಟು ರಸ್ತೆ ಅಂತೆ ಅಕ್ಕ, ನಿದ್ದೆ ಮಾಡ್ಕೊಂಡೇ ಹೋಗ್ಬೋದು" ಎಂದು ನಗಾಡಿದ್ದ. ಅವನನ್ನು ಇಲ್ಲಿ ಒಂದು ದಿನ ಬಿಡಬೇಕು. ನಮ್ಮ ಕಡೆ ಏರು ಬಂದರೆ ಇಳಿದು ತಳ್ಳುತ್ತೇವೆ, ಇಳಿಜಾರು ಬಂದರೆ ಬ್ರೇಕ್ ಮೇಲೆ ಬೆರಳಿಟ್ಟು ಸುಮ್ಮನೆ ಕೂರುತ್ತೇವೆ. ಇಷ್ಟು ವರ್ಷ ನಾನು ಅರ್ಧ ದಾರಿ ನಡೆದಿದ್ದೇನೆ, ಅರ್ಧ ದಾರಿ ಕೂತಿದ್ದೇನೆ. ತುಳಿದದ್ದು ಎಷ್ಟು ಕಡಿಮೆ ಎಂದು ಈಗ ಗೊತ್ತಾಯಿತು. ಇಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಕಾಲು ನಿಲ್ಲಿಸಿದರೆ ಸೈಕಲ್ಲೂ ನಿಲ್ಲುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ತುಳಿ, ತುಳಿ, ತುಳಿ. ಎರಡೂ ಕಡೆ ಗೋಧಿ ಕೊಯ್ದ ಬೋಳು ಹೊಲ, ಅಲ್ಲಲ್ಲಿ ಒಣಗಿ ಕಪ್ಪಾಗಿ ತಲೆ ತಗ್ಗಿಸಿದ ಸೂರ್ಯಕಾಂತಿ. ಮರ ಎಂಬುದು ಊರಿಗೊಂದು. ನೆರಳು ಬೇಕೆಂದರೆ ಮುಂದಿನ ಊರಿನವರೆಗೆ ಕಾಯಬೇಕು. ಎದುರು ಗಾಳಿ ಬೇರೆ, ಯಾರೋ ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದ ಹಾಗೆ. ಮಣ್ಣಿನ ಗೋಡೆಯ ಸಣ್ಣ ಊರುಗಳು ಬರುತ್ತವೆ. ಮಧ್ಯಾಹ್ನವಾದರೆ ಎಲ್ಲ ಬಾಗಿಲು ಹಾಕಿ ಮಲಗಿರುತ್ತಾರೆ, ನೀರು ಕೇಳೋಣವೆಂದರೆ ಒಂದು ನರಪಿಳ್ಳೆ ಇರುವುದಿಲ್ಲ.

ದೊಡ್ಡ ಊರುಗಳು ಚಂದವಿವೆ, ಸುಳ್ಳು ಹೇಳಬಾರದು. ಈ ಝಮೋರಾದಲ್ಲಿ ಕೆಳಗೆ ಹೊಳೆ, ಹೊಳೆಗೆ ಕಲ್ಲು ಸೇತುವೆ, ಮೇಲೆ ಕೋಟೆ, ಗಲ್ಲಿಗೊಂದು ಹಳೆಯ ಚರ್ಚು. ಒಂದರ ಮುಂದೆ ನಿಲ್ಲಿಸಿ ಮಾರ್ತಾ ಇದಕ್ಕೆ ಎಂಟುನೂರು ವರ್ಷ ಎಂದಳು. ನನಗೆ ಕಂಡದ್ದು ಅದರ ಮೆಟ್ಟಿಲು. ಹೋಗಿ ಕೂತುಬಿಟ್ಟೆ. ಒಳಗೆ ತಂಪಾಗಿತ್ತು, ಹೊರನಾಡಿನ ಅಮ್ಮನವರನ್ನೇ ನೆನೆದು ಕೈಮುಗಿದೆ. ನೀವು ಬಂದಿದ್ದರೆ ಚರ್ಚು ಬಿಟ್ಟು ಇಲ್ಲಿಯ ಸೈಕಲ್ ರಿಪೇರಿಯವನ ಅಂಗಡಿಯಲ್ಲಿ ಕೂತು ಸ್ಪ್ಯಾನರ್ ಎಣಿಸುತ್ತಿದ್ದಿರಿ. ಕಾಫಿ ಮಾತ್ರ ಬಾಯಿಗೆ ಹತ್ತಲಿಲ್ಲ, ಸೀದು ಕರಕಲಾದ ಬೀಜ. ನಮ್ಮ ಎಸ್ಟೇಟ್ ರೈಟರ್ ವಿಶ್ವನಾಥ್ ಅವ್ರು ಕುಡಿದರೆ ಲೋಟ ಸಮೇತ ಹೊರಗೆ ಎಸೆದಾರು.

ಮೊನ್ನೆ ಮಂಗಳವಾರ ಮಾಡಿಕೊಂಡ ದಡ್ಡತನವನ್ನು ಹೇಳದೆ ಇರಲಾರೆ. ನಮ್ಮಲ್ಲಿ ದಾರಿಯ ಎದುರು ಏನಾದರೂ ಕಂಡರೆ ಅದು ಹತ್ತಿರವೇ. ಮಧ್ಯೆ ಗುಡ್ಡ, ಮರ, ತಿರುವು. ಲೈನಿನ ಹೆಂಚು ಕಂಡಿತೆಂದರೆ ಕೂಗಿದರೆ ಕೇಳುವ ದೂರ. ಚೀಲ ಹೊತ್ತ ಇಷ್ಟು ವರ್ಷವೂ ನನ್ನ ಲೆಕ್ಕ ಅದೇ. ಅವತ್ತು ಹನ್ನೆರಡು ಗಂಟೆಗೆ ಒಂದು ಊರಿನ ನಲ್ಲಿಯ ಹತ್ತಿರ ಎಲ್ಲರೂ ಬುತ್ತಿ ಬಿಚ್ಚಿದರು. ನಾವು ಮಲಗಬೇಕಾದ ಊರಿನ ಚರ್ಚಿನ ಗೋಪುರ ರಸ್ತೆಯ ತುದಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಇಲ್ಲೇ ಇದೆಯಲ್ಲ, ಹೋಗಿ ಕಾಲು ಚಾಚೋಣ ಎಂದುಕೊಂಡೆ. ಒಂದು ಬಾಟಲಿ ಕುಡಿದೆ, ಇನ್ನೊಂದನ್ನು ತಲೆಗೆ ಸುರಿದುಕೊಂಡೆ. ಮಾರ್ತಾ ನೀರು ತುಂಬಿಸಿಕೋ ಎಂದರೆ ಗೋಪುರ ತೋರಿಸಿ ನಕ್ಕು ಒಬ್ಬಳೇ ಹೊರಟೆ. ಆ ಗೋಪುರ ಹದಿನೆಂಟು ಕಿಲೋಮೀಟರ್ ದೂರ. ಒಂದು ಗಂಟೆ ತುಳಿದೆ, ಇದ್ದಷ್ಟೇ ಇತ್ತು. ಇನ್ನೊಂದು ಗಂಟೆ ತುಳಿದೆ, ಆಗಲೂ ಅಷ್ಟೇ. ನಾಲಿಗೆ ಅಂಗುಳಕ್ಕೆ ಅಂಟಿತು. ಕಾಣದ ಊರಾಗಿದ್ದರೆ ಇಷ್ಟು ಸೋಲುತ್ತಿರಲಿಲ್ಲವೋ ಏನೋ. ಕಣ್ಣೆದುರಿಗಿದ್ದೂ ಸಿಗದಿದ್ದರೆ ಮನುಷ್ಯ ಕುಸಿಯುತ್ತಾನೆ. ಸೂರ್ಯಕಾಂತಿ ಹೊಲದ ಬದುವಿನಲ್ಲಿ ಕೂತು ಅತ್ತೆ. ನಿಮ್ಮ ಮೇಲೆ, ನಿಮ್ಮ ಮಂಡಿಯ ಮೇಲೆ, ಆ ಶರತ್ತಿನ ಮೇಲೆ ಎಲ್ಲ ಸೇರಿಸಿ ಅತ್ತೆ. ಸಂಜೆ ನಾಲ್ಕಕ್ಕೆ ಊರು ಸೇರಿದೆ. ವಸತಿ ಸರಿಯಾಗಿ ಗೋಪುರದ ಬುಡದಲ್ಲೇ ಇತ್ತು.

ಶನಿವಾರ ವಿಮಾನ, ಭಾನುವಾರ ಬೆಂಗಳೂರು. ನೀವು ಮೆಟ್ಟಿಲು ಇಳಿಯುವಾಗ ಪವಿತ್ರಾ ಕೈ ಚಾಚಿದರೆ ಅವಳನ್ನು ಗದರಬೇಡಿ. ಅವಳಿಗೆ ನನ್ನ ಆಶೀರ್ವಾದ, ಗಿರಿಗೂ ಅವನ ಮಕ್ಕಳಿಗೂ ನೆನಪು. ಬಿಸಿನೀರಿನ ಶಾಖ ತಪ್ಪಿಸಬೇಡಿ. ಹೊರನಾಡಿನ ತಾಯಿ ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ, ಉಳಿದದ್ದನ್ನು ನಾನು ಬಂದು ನೋಡಿಕೊಳ್ಳುತ್ತೇನೆ.

ಇಂತು ನಿಮ್ಮ
ಪ್ರೇಮಲತಾ

ಮರೆತಿದ್ದೆ: ಊಟಕ್ಕೆ ಕರೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮಂಗಳವಾರ ಊರು ಸೇರಿದೆ ಎಂದು ಮೇಲೆ ಬರೆದೆ, ಹೇಗೆ ಎಂದು ಬರೆಯಲಿಲ್ಲ. ಕೊನೆಯ ಏಳು ಕಿಲೋಮೀಟರ್ ವ್ಯಾನಿನಲ್ಲಿ ಹೋದೆ. ಹೂಲಿಯಾನ್ ಬಂದು ನೀರು ಕುಡಿಸಿ ಕೈ ಚಾಚಿದ. ನಾನು ಬೇಡವೆಂದು ಸೈಕಲ್ ಹ್ಯಾಂಡಲ್ ಹಿಡಿದು ಏಳಲು ಹೋಗಿ ಸೈಕಲ್ ಸಮೇತ ಬಿದ್ದೆ. ಮತ್ತೆ ಕೈ ಚಾಚಿದ. "ನಾ ಸರಿ ಇದೀನಿ ಮಾರಾಯ" ಅಂದೆ, ಕನ್ನಡದಲ್ಲೇ. ಅಂದ ಮೇಲೆ ಅದು ಯಾರ ಮಾತು ಎಂದು ಹೊಳೆಯಿತು. ನಿಮ್ಮ ಮಾತು ನನ್ನ ಬಾಯಲ್ಲಿ ಎಷ್ಟು ಸುಳ್ಳಾಗಿ ಕೇಳಿಸಿತೆಂದರೆ ಸುಮ್ಮನೆ ಅವನ ಕೈ ಹಿಡಿದು ಎದ್ದು ವ್ಯಾನ್ ಹತ್ತಿದೆ. ಯಾರೂ ನಗಲಿಲ್ಲ. ಅದೇ ಊರು, ಅದೇ ಗೋಪುರ, ಅದೇ ಊಟ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಸುಳ್ಳು ಹೇಳಿ ನಿಮ್ಮನ್ನು ಆಪರೇಷನ್ ಮೇಜಿನ ಮೇಲೆ ಮಲಗಿಸುವುದು ನನ್ನಿಂದ ಆಗದು. ಶರತ್ತು ನೀವು ಗೆದ್ದಿರಿ, ನಾನು ಸೋತೆ. ಈಗ ಶರತ್ತು ಬಿಟ್ಟು ಕೇಳುತ್ತಿದ್ದೇನೆ. ಆಸ್ಪತ್ರೆಯಲ್ಲಿ ಸೋಮವಾರಕ್ಕೆ ದಿನ ಹೇಳಿಸಿದ್ದೇನೆ. ಅಮಾವಾಸ್ಯೆ ಭಾನುವಾರಕ್ಕೇ ಮುಗಿಯುತ್ತದೆ, ಆ ನೆಪ ಬೇಡ. ನಾನು ಬೆಂಗಳೂರಿನಿಂದ ನೇರ ಚಿಕ್ಕಮಗಳೂರಿಗೇ ಬಂದಿರುತ್ತೇನೆ. ಬೆಳಿಗ್ಗೆ ಆರಕ್ಕೆ ಗಿರಿ ಜೀಪು ತರುತ್ತಾನೆ. ಹತ್ತುವಾಗ ಕೈ ಕೊಡುತ್ತಾನೆ. ಹಿಡಿದುಕೊಳ್ಳಿ.